ಕಾಲೇಜಿನ ಇಂಗ್ಲಿಷೂ ನಮ್ಮ ಹುಡುಗಿಯರೂ

ನಮ್ಮ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳೊಡನೆ ತೇರ್ಗಡೆಯಾಗಿ, ಕಾಲೇಜಿನ ವಿಜ್ಞಾನ ವಿಭಾಗವನ್ನು ಸೇರಿದ ಹುಡುಗಿಯರಲ್ಲಿ ಕೆಲವರು ಮೊದಲನೆಯ ವರುಷದಲ್ಲಿಯೇ ಧೈರ್ಯಗೆಡುವುದನ್ನು ನಾವು ಕಂಡಿದ್ದೇವೆ. "ಮಿಸ್, ನಾನು ದಡ್ಡಿ, ನನಗೆ ವಿಜ್ಞಾನ ಹತ್ತುವುದಿಲ್ಲ" ಎಂದು ಅವರು ಹೇಳುತ್ತಾರೆ. ಹತ್ತದೆ ಇರುವುದು ವಿಜ್ಞಾನವಲ್ಲ, ಇಂಗ್ಲಿಷು. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಬುದ್ಧಿವಂತೆಯರಾದ ಎಷ್ಟೋ ಹುಡುಗಿಯರ ವಿದ್ಯೆ ಅಲ್ಲಿಗೇ ನಿಂತುಹೋಗುತ್ತದೆ. ಆದುದರಿಂದ ಈ ವಿಷಯವಾಗಿ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಕೆಲವು ಮಾತುಗಳನ್ನು ಅರಿಕೆ ಮಾಡಬಯಸುತ್ತೇವೆ.

ಹೈಸ್ಕೂಲಿನಲ್ಲಿ ಇಂಗ್ಲಿಷು ಆರು ಪಾಠಗಳಲ್ಲಿ ಒಂದು ಮಾತ್ರ. ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿದರೂ ಅದರಲ್ಲಿ ತೇರ್ಗಡೆಯಾಗಬಹುದು. ಕಾಲೇಜಿನಲ್ಲಿಯಾದರೋ ಅದೇ ಉಳಿದ ಪಾಠಗಳಿಗೆಲ್ಲ ಬಾಗಿಲಾಗುತ್ತದೆ. ಕ್ಯಾಸನೂರಿನ ಸಮೀಪದ ಹಳ್ಳಿಯಿಂದ ಕಾಲೇಜಿಗೆ ಹೋದ ನಾವೂ ಆ ಬಾಗಿಲ ಹೊರಗೆ ಬಹಳ ದಿನ ನಿಂತವರೇ. ಉಪನ್ಯಾಸಕರ ಮಾತು ಮಳೆಯಂತೆ ಸುರಿಯುತ್ತಿತ್ತು. ನಮ್ಮ ಪಾತ್ರೆಗೆ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ.

ಹೀಗಿರಲು ಒಂದು ದಿನ ವೈರಸ್ಸುಗಳ ಪಾಠದ ನಡುವೆ ನಮ್ಮ ಊರಿನ ಹೆಸರು ಕಿವಿಗೆ ಬಿತ್ತು. ಅದು 'ಕ್ಯಾಸನೂರು ಫಾರೆಸ್ಟ್ ಡಿಸೀಸ್', ಅಂದರೆ ನಮ್ಮವರು ಹೇಳುವ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಈ ರೋಗದ ವೈರಸ್ಸನ್ನು ಕಂಡುಹಿಡಿದರು. ಅಂದಿನಿಂದ ನಮ್ಮ ಊರಿನ ಹೆಸರು ಲೋಕದ ವೈದ್ಯಗ್ರಂಥಗಳನ್ನು ಸೇರಿತು. ಕಾಡಿನಲ್ಲಿ ಮಂಗ ಸತ್ತುಬಿದ್ದರೆ ಆ ಕಡೆಗೆ ಹೋಗಬಾರದು, ಬೇಸಿಗೆಯಲ್ಲಿ ಸೌದೆಗೂ ದರಗಿಗೂ ಹೋದವರು ಮೈಗೆ ಉಣುಗು ಹತ್ತದಂತೆ ನೋಡಿಕೊಳ್ಳಬೇಕು ಎಂಬುದನ್ನು ನಾವು ಚಿಕ್ಕವರಿದ್ದಾಗಲೇ ಮನೆಯ ಹಿರಿಯರಿಂದ ಕೇಳಿದ್ದೆವು. ಆ ಸಂಜೆ ಪುಸ್ತಕ ತೆರೆದು ಓದಿದಾಗ ಒಂದು ಪುಟ ಇಂಗ್ಲಿಷು ಮೊದಲ ಬಾರಿಗೆ ತಾನಾಗಿ ಅರ್ಥವಾಯಿತು. ಯಾಕೆಂದರೆ ವಿಷಯವು ನಮ್ಮದಾಗಿತ್ತು, ಮಾತು ಮಾತ್ರ ಹೊಸದಾಗಿತ್ತು.

ಇದರಿಂದ ನಾವು ಕಲಿತದ್ದೇನೆಂದರೆ, ತಿಳಿದ ಸಂಗತಿಯನ್ನು ಹಿಡಿದು ತಿಳಿಯದ ಮಾತಿನೊಳಗೆ ಪ್ರವೇಶಿಸಬೇಕು. ಆ ಪುಟದ ಶಬ್ದಗಳನ್ನೇ ನೋಡಿರಿ. 'ಟಿಕ್' ಎಂದರೆ ಗಡಿಯಾರದ ಸದ್ದು, ಇಲ್ಲವೇ ಸರಿಯುತ್ತರಕ್ಕೆ ಹಾಕುವ ಗುರುತು ಎಂದು ನಾವು ತಿಳಿದಿದ್ದೆವು. ಇಲ್ಲಿ ಅದು ಉಣುಗು. 'ಹೋಸ್ಟ್' ಎಂದರೆ ಅತಿಥಿಯನ್ನು ಸತ್ಕರಿಸುವ ಮನೆಯವನು. ಇಲ್ಲಿಯಾದರೋ ಕರೆಯದೆ ಬಂದ ಅತಿಥಿಯನ್ನು ಮೈಯಲ್ಲಿಯೇ ಹೊತ್ತ ಪ್ರಾಣಿ. 'ಕ್ಯಾರಿಯರ್' ಎಂದರೆ ಊಟದ ಡಬ್ಬಿಯೋ ಸೈಕಲ್ಲಿನ ಹಿಂಬದಿಯೋ ಎಂದುಕೊಂಡಿದ್ದೆವು. ಇಲ್ಲಿ ರೋಗವನ್ನು ಹೊತ್ತು ತಿರುಗುವ ಜೀವಿ. ಹುಡುಗಿಯನ್ನು ಸೋಲಿಸುವುವು ದೊಡ್ಡ ಶಬ್ದಗಳಲ್ಲ, ಅರ್ಥ ಬದಲಾಯಿಸಿಕೊಂಡು ಬರುವ ಇಂಥ ಚಿಕ್ಕ ಶಬ್ದಗಳೇ. ಆದಕಾರಣ ಒಂದು ಪುಸ್ತಕವಿಟ್ಟು, ಶಬ್ದ, ಆ ಪಾಠದಲ್ಲಿ ಅದಕ್ಕಿರುವ ಅರ್ಥ, ನಮ್ಮ ಮನೆಯ ಅಥವಾ ಹೊಲದ ಒಂದು ಉದಾಹರಣೆ, ಈ ಮೂರನ್ನೂ ಬರೆಯಬೇಕು. ಉತ್ತರವನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, ತರುವಾಯ ಅದನ್ನೇ ನಾಲ್ಕು ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಬೇಕು. ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಗೆಳತಿಯೊಬ್ಬಳು ಜೊತೆಗಿದ್ದರೆ ಇನ್ನೂ ಲೇಸು.

ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರನ್ನು ಇಲ್ಲಿ ನೆನೆಯುವುದು ಉಚಿತ. 1853ರಲ್ಲಿ ನಮ್ಮ ನಾಡಿಗೆ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅವರ ತಾಯಿನುಡಿ ಜರ್ಮನ್. ಕನ್ನಡವೂ ಅವರಿಗೆ ಕಲಿತ ಭಾಷೆ, ಇಂಗ್ಲಿಷೂ ಕಲಿತ ಭಾಷೆ. ಅಂಥ ವಿದ್ವಾಂಸರಿಗೇ ನಲವತ್ತು ವರುಷಗಳು ಹಿಡಿದಿರಲು, ನಮ್ಮ ಹುಡುಗಿಗೆ ಮೂರು ತಿಂಗಳಲ್ಲಿ ಇಂಗ್ಲಿಷು ಬರಲಿಲ್ಲವೆಂದು ಅವಳನ್ನು ದಡ್ಡಿಯೆನ್ನುವುದು ನ್ಯಾಯವೇ?

ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮೊದಲ ಪರೀಕ್ಷೆಯ ಅಂಕಗಳನ್ನು ಕಂಡು ಮಗಳನ್ನು ಕಾಲೇಜಿನಿಂದ ಬಿಡಿಸಬೇಡಿರಿ. ಮದುವೆಯ ಮಾತನ್ನೂ ಎತ್ತಬೇಡಿರಿ. ಒಂದು ವರುಷವಾದರೂ ಅವಳಿಗೆ ಅವಕಾಶ ಕೊಡಿರಿ. ಸಂಜೆ ಹೊತ್ತು, "ಇವತ್ತಿನ ಪಾಠವೇನು, ನಮಗೂ ಕನ್ನಡದಲ್ಲಿ ತಿಳಿಸಿ ಹೇಳು ಮಗಳೇ" ಎಂದು ಕೇಳಿರಿ. ನಿಮಗೆ ಇಂಗ್ಲಿಷು ಬಾರದಿದ್ದರೂ ಚಿಂತೆಯಿಲ್ಲ. ನಿಮಗೆ ತಿಳಿಯುವಂತೆ ಪಾಠವನ್ನು ಹೇಳಬಲ್ಲವಳು ಅದನ್ನು ನಿಜವಾಗಿ ಕಲಿತಿದ್ದಾಳೆ. ಇಂಗ್ಲಿಷು ಅವಳಿಗೆ ತಡವಾಗಿಯಾದರೂ ಬಂದೇ ಬರುತ್ತದೆ.