ಚಿನ್ನ ಹೋದ ಮೇಲಿನ ಊರು

ಪಾವಗಡದಲ್ಲಿ ನಾನು ಭೂಗೋಳ ಕಲಿಸುತ್ತಿದ್ದಾಗ ನಿಮಗೆಲ್ಲ ಕೋಲಾರದ ಚಿನ್ನದ ಗಣಿಯ ಪಾಠ ಬಲು ಪ್ರಿಯವಾಗಿತ್ತು. ಮಳೆ ಕಾಣದ ಸೀಮೆಯ ಮಕ್ಕಳಿಗೆ ಬರಡು ನೆಲದಡಿಯ ಹೊನ್ನು ಬೆರಗು ಹುಟ್ಟಿಸುತ್ತಿತ್ತು.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿಗಾರಿಕೆಯನ್ನು ಬೆಳೆಸಿತು. ಶಿವನಸಮುದ್ರದ ವಿದ್ಯುತ್ 1902ರಲ್ಲಿಯೇ ಗಣಿಯನ್ನು ತಲುಪಿತು. ಬೆಂಗಳೂರಿಗೆ ಆ ಬೆಳಕು ದೊರೆತದ್ದು 1905ರಲ್ಲಿ. ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಕಾರ್ಮಿಕರು ದುಡಿದರು. ಸುಮಾರು 800 ಟನ್ ಚಿನ್ನ ಹೊರಬಂದಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿಗೆ ಉಳಿದದ್ದು ಸಯನೈಡ್ ದಿಬ್ಬಗಳು, ಅವುಗಳ ಧೂಳು, ಕೆಲಸಕ್ಕಾಗಿ ಬೆಂಗಳೂರಿನ ರೈಲು ಹತ್ತುವ ಮಕ್ಕಳು.

ಈಗ ನಮ್ಮ ನೆಲದಿಂದಲೂ ಸಂಪತ್ತು ಹೊರಹರಿಯುತ್ತಿದೆ. ತಿರುಮಣಿಯ ಸುತ್ತಲಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಅದರ ಉದ್ಘಾಟನೆಯಾದದ್ದು 2018ರಲ್ಲಿ. ಸಮಾಧಾನದ ಸಂಗತಿಯೆಂದರೆ ರೈತರು ಭೂಮಿಯನ್ನು ಮಾರಿಲ್ಲ. 28 ವರ್ಷಗಳ ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ಕಾಲಕಾಲಕ್ಕೆ ಏರುತ್ತದೆ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂಹೀನರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ಕೋಲಾರದ ಕಾರ್ಮಿಕನಿಗೂ ಚಿನ್ನದಲ್ಲಿ ಪಾಲಿರಲಿಲ್ಲ.

ನಿಮ್ಮಲ್ಲಿ ಕೆಲವರು ಇಂದು ಪಂಚಾಯಿತಿಗಳಲ್ಲಿದ್ದೀರಿ, ಕಚೇರಿಗಳಲ್ಲಿದ್ದೀರಿ. ಸೌರ ಉದ್ಯಾನದಿಂದ ಬರುವ ಹಣದಲ್ಲಿ ಕೂಲಿಕಾರರ ಮಕ್ಕಳ ಓದಿಗೆಷ್ಟು, ಕೆರೆಯ ಹೂಳೆತ್ತಲು ಎಷ್ಟು ಎಂದು ಈಗಲೇ ಕೇಳಿರಿ. ಗಣಿ ಮುಚ್ಚಿದ ಮೇಲೆ ಕೇಳಿದವರಿಗೆ ಉತ್ತರ ಕೊಡುವವರೇ ಇರಲಿಲ್ಲ. ಗುತ್ತಿಗೆ ಮುಗಿಯುವ ಹೊತ್ತಿಗೆ ನಾನಿರಲಾರೆ, ನೀವಿರುತ್ತೀರಿ.