ಹೆದ್ದಾರಿಯ ಬದಿಯ ಮಳಿಗೆ

ಪುಣೆಯ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 48 ಕಿಣಿಯ ಟೋಲ್ ನಾಕೆಯನ್ನು ದಾಟಿ, ಕಬ್ಬಿನ ಹೊಲಗಳ ನಡುವೆ ದಕ್ಷಿಣಾಭಿಮುಖವಾಗಿ ಸಾಗಿ, ಶಿರೋಳಿಯ ಕೈಗಾರಿಕಾ ವಸಾಹತನ್ನು ಹಿಂದೆ ಹಾಕಿ ಪಂಚಗಂಗೆಯನ್ನು ಹಾಯುತ್ತದೆ. ಕೊಲ್ಹಾಪುರ ನಗರವು ಬಲಕ್ಕೆ ಉಳಿಯುತ್ತದೆ. ಅಂಬಾಬಾಯಿಯ ದರ್ಶನಕ್ಕೆ ಹೋಗುವವರು ತಾವಡೆ ಹೋಟೆಲಿನ ತಿರುವಿನಲ್ಲಿ ಹೆದ್ದಾರಿಯನ್ನು ಬಿಡಬೇಕು. ಬಿಡದೆ ಮುಂದೆ ನಡೆದರೆ ಉಚಗಾಂವ, ಗೋಕುಳ ಶಿರಗಾಂವ, ಕಾಗಲ. ಆ ಬಳಿಕ ಗಡಿ ದಾಟಿ ಕೊಗನೊಳ್ಳಿ, ನಿಪ್ಪಾಣಿ. ದಾರಿಯುದ್ದಕ್ಕೂ ವಾಹನಗಳ ಶೋರೂಮುಗಳು, ಫರಶಿಯ ಅಂಗಡಿಗಳು, ಧಾಬೆಗಳು, ಬ್ಯಾಂಕಿನ ಶಾಖೆಗಳು ಕಾಣುತ್ತವೆ. ಅವುಗಳ ನಡುನಡುವೆ ಹೊಸದಾಗಿ ಕಟ್ಟಿದ, ಇನ್ನೂ ಷಟರ್ ಎತ್ತದ ಮಳಿಗೆಗಳ ಸಾಲುಗಳು. ಷಟರಿನ ಮೇಲೆ ಮರಾಠಿಯಲ್ಲಿ ಬರೆದಿರುತ್ತದೆ: ‘ಭಾಡ್ಯಾನೆ ದೇಣೆ ಆಹೆ’, ಬಾಡಿಗೆಗೆ ಕೊಡುವುದಿದೆ.

ಈ ಬರಹವನ್ನು ಓದದೆ ಹೋಗುವ ಗಡಿನಾಡಿನ ಕುಟುಂಬ ವಿರಳ. ನಿವೃತ್ತಿಯ ಹಣ ಕೈಗೆ ಬಂದ ಶಿಕ್ಷಕರು, ರಸ್ತೆಗೆ ಹೊಲ ಹೋಗಿ ಪರಿಹಾರ ಪಡೆದ ರೈತರು, ಮಗ್ಗಗಳನ್ನು ಮಾರಿದ ನೇಕಾರರು, ಎಲ್ಲರ ಮನಸ್ಸಿನಲ್ಲಿಯೂ ಒಂದೇ ಲೆಕ್ಕ ನಡೆಯುತ್ತದೆ. ಹೆದ್ದಾರಿಯ ಬದಿಯಲ್ಲಿ ಒಂದು ಗಾಳಾ ಹಿಡಿದರೆ, ಅದನ್ನು ಕಂಪನಿಗೋ ಬ್ಯಾಂಕಿಗೋ ಕೊಟ್ಟರೆ, ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ಮಕ್ಕಳ ಕಾಲೇಜಿನ ಖರ್ಚು ಹೊರಡುತ್ತದೆ. ಲೆಕ್ಕ ತಪ್ಪೇನಲ್ಲ. ಆದರೆ ಬಾಡಿಗೆಯು ಗೋಡೆಯಿಂದ ಹುಟ್ಟುವುದಿಲ್ಲ, ಜನರು ಅಲ್ಲಿ ನಿಲ್ಲುವ ಕಾರಣದಿಂದ ಹುಟ್ಟುತ್ತದೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ, ಈ ಮೂರು ಊರುಗಳನ್ನು ಸುತ್ತಿದರೆ ಆ ಕಾರಣವು ಒಂದೊಂದು ಊರಿನಲ್ಲಿ ಒಂದೊಂದು ಬಗೆ ಎಂಬುದು ತಿಳಿಯುತ್ತದೆ.

ಕೊಲ್ಹಾಪುರದ ಪೇಟೆ ಹಳೆಯದು. ಶಿಲಾಹಾರ ಗಂಡರಾದಿತ್ಯನ ಕಾಲದ, ಕ್ರಿ.ಶ. 1135ರ ಒಂದು ಕನ್ನಡ ಶಾಸನವು ಇಲ್ಲಿಯ ವ್ಯಾಪಾರಿಗಳ ನಡವಳಿಯನ್ನು ಹೇಳುತ್ತದೆ. ಸಾಮಂತ ನಿಂಬದೇವರಸನು ಕವಡೆಗೊಳ್ಳದ ಸಂತೆಯಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅಯ್ಯಾವೊಳೆ ಐನೂರ್ವರ ಪರಂಪರೆಯ ವೀರಬಣಂಜುಗಳು ಕೂಡಿ, ಪೇಟೆಯಲ್ಲಿ ಮಾರುವ ಸರಕಿನ ಮೇಲಿನ ಆಯವನ್ನು ಆ ಬಸದಿಗೆ ಬಿಟ್ಟುಕೊಟ್ಟರು. ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ. ಜಿ. ಕುಂದಣಗಾರರು ಈ ಸೀಮೆಯ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪ್ರಕಟಿಸಿದರು. ಎಂಟುನೂರು ವರ್ಷಗಳ ಹಿಂದೆಯೇ ಇಲ್ಲಿಯ ವ್ಯಾಪಾರಿಗಳು ಆದಾಯವನ್ನು ಅಳೆದದ್ದು ಸರಕು ಮಾರಾಟವಾಗುವ ರೀತಿಯಿಂದ. ಸರಕು ಬಾರದ ಸಂತೆಯಿಂದ ಬಸದಿಗೂ ಏನೂ ಸಲ್ಲುತ್ತಿರಲಿಲ್ಲ.

1891ರಲ್ಲಿ ಮಿರಜದಿಂದ ಕೊಲ್ಹಾಪುರಕ್ಕೆ ರೈಲು ಬಂದಿತು. ನಾಲ್ಕು ವರ್ಷಗಳ ತರುವಾಯ ಛತ್ರಪತಿ ಶಾಹೂ ಮಹಾರಾಜರು ನಿಲ್ದಾಣದ ಸಮೀಪದಲ್ಲಿ ಶಾಹೂಪುರಿಯ ಬೆಲ್ಲದ ಪೇಟೆಯನ್ನು ನೆಲೆಗೊಳಿಸಿದರು. ಬೆಲ್ಲ ಬಂದು ಇಳಿಯುವ ಸ್ಥಳ, ರೈಲು ಹೊರಡುವ ಸ್ಥಳ, ಇವೆರಡರ ನಡುವೆ ಅಂಗಡಿ ಇದ್ದುದರಿಂದ ಅದಕ್ಕೆ ಬಾಡಿಗೆ ಹುಟ್ಟಿತು. ಹೆದ್ದಾರಿಗೆ ಈ ಗುಣ ತಾನಾಗಿ ಬರುವುದಿಲ್ಲ. ಹೆದ್ದಾರಿಯನ್ನು ಕಟ್ಟಿದ್ದು ವಾಹನಗಳು ನಿಲ್ಲದೆ ಹೋಗಲೆಂದು. ಗಂಟೆಗೆ ಎಷ್ಟು ವಾಹನಗಳು ಹಾದುಹೋದವೆಂದು ಎಣಿಸಿ ಬೆಲೆ ಕಟ್ಟುವವರು, ಅವುಗಳಲ್ಲಿ ಎಷ್ಟು ತಿರುಗಿ ಒಳಗೆ ಬರಬಲ್ಲವೆಂಬುದನ್ನು ಎಣಿಸುವುದಿಲ್ಲ.

ತಿರುವು ಎಲ್ಲಿದೆ ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ನಡುವೆ ವಿಭಾಜಕವಿದ್ದರೆ ಎದುರು ಬದಿಯ ಗ್ರಾಹಕನಿಗೆ ಅಂಗಡಿ ಕಾಣುತ್ತದೆ, ಸಿಗುವುದಿಲ್ಲ. ಸೇವಾ ರಸ್ತೆ ಇಲ್ಲದಿದ್ದರೆ ಹೆದ್ದಾರಿಯಿಂದ ನೇರವಾಗಿ ಒಳಹೊಗಲು ಹೆದ್ದಾರಿ ಆಡಳಿತದ ಅನುಮತಿ ಬೇಕು. ಸಾತಾರಾ–ಕಾಗಲ ನಡುವೆ ದಾರಿಯನ್ನು ಆರು ಪಥಗಳಿಗೆ ವಿಸ್ತರಿಸುವ ಕೆಲಸ ಕೈಗೆತ್ತಿಕೊಂಡಾಗ ಅನೇಕ ನಾಕೆಗಳ ರೂಪವೇ ಬದಲಾಗತೊಡಗಿತು. ಮೇಲ್ಸೇತುವೆ ಎದ್ದ ಕಡೆ ದೂರಪ್ರಯಾಣಿಕರು ಮೇಲಿನಿಂದ ಹೋಗುತ್ತಾರೆ; ನಿನ್ನೆಯ ಮುಂಭಾಗದ ಅಂಗಡಿ ಇಂದು ಕಂಬಗಳ ನೆರಳಿಗೆ ಬೀಳುತ್ತದೆ. ಅದೇ ಕಡೆ ಸುತ್ತಲಿನ ಹಳ್ಳಿಗಳ ಜನ ಸೇವಾ ರಸ್ತೆಯಲ್ಲಿ ನೆಮ್ಮದಿಯಿಂದ ನಿಂತು ವ್ಯಾಪಾರ ಮಾಡುವುದೂ ಉಂಟು. ಕಿರಾಣಿ, ಔಷಧ, ಬಟ್ಟೆಯ ಅಂಗಡಿಗಳಿಗೆ ಆ ನೆರಳು ಲಾಭ, ಧಾಬೆಗೆ ಹಾನಿ. ಆದುದರಿಂದ ಮಳಿಗೆಯನ್ನು ನೋಡುವ ಮುನ್ನ ಅದರಲ್ಲಿ ಯಾರು ಕೂಡುವರೆಂದು ಕೇಳಬೇಕು.

ಎರಡನೆಯ ಪ್ರಶ್ನೆ ನೀರಿನದು. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ ಪಂಚಗಂಗೆಯ ಎಚ್ಚರಿಕೆಯ ಮಟ್ಟ 39 ಅಡಿ, ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟ್‌ನಲ್ಲಿ ನದಿಯು 55 ಅಡಿಯನ್ನು ಮೀರಿತು. ಶಿರೋಳಿಯ ಬಳಿ ಹೆದ್ದಾರಿಯ ಮೇಲೆಯೇ ನೀರು ನಿಂತು ಹಲವು ದಿನ ಸಂಚಾರ ಕಡಿಯಿತು. ಲಾರಿಗಳು ಮೈಲುಗಟ್ಟಲೆ ಸಾಲುಗಟ್ಟಿದವು. 2021ರ ಜುಲೈಯಲ್ಲಿ ಅದೇ ಕಥೆ ಮರುಕಳಿಸಿತು. ಬೇಸಿಗೆಯಲ್ಲಿ ನಿವೇಶನ ತೋರಿಸುವವರು ಈ ಗುರುತುಗಳನ್ನು ತೋರಿಸುವುದಿಲ್ಲ. ಹತ್ತಿರದ ಹಳ್ಳಿಯ ಹಿರಿಯರನ್ನು ಕೇಳಿದರೆ ನೀರು ಯಾವ ಗೋಡೆಯ ಯಾವ ಕಲ್ಲಿನವರೆಗೆ ಬಂದಿತ್ತೆಂದು ಕೈಯಿಟ್ಟು ತೋರಿಸುತ್ತಾರೆ. ಪ್ರವಾಹದ ವಿಮೆಯ ಕಂತನ್ನು ಯಾರು ಕಟ್ಟಬೇಕು, ಅಂಗಡಿ ಮುಚ್ಚಿದ ದಿನಗಳ ಬಾಡಿಗೆ ಸಲ್ಲುತ್ತದೆಯೇ ಎಂಬ ಮಾತು ಕರಾರಿನಲ್ಲಿ ಬರೆದಿರಬೇಕು.

ಇನ್ನು ಲೆಕ್ಕದ ಮಾತು. ಒಂದು ಮಳಿಗೆಯ ಬೆಲೆ 80 ಲಕ್ಷ ರೂಪಾಯಿ, ತಿಂಗಳ ಬಾಡಿಗೆ 40,000 ರೂಪಾಯಿ ಎಂದು ಹಿಡಿಯೋಣ. ವರ್ಷಕ್ಕೆ 4,80,000; ಶೇಕಡಾ 6 ಆಯಿತೆಂದು ಮಧ್ಯಸ್ಥರು ಹೇಳುತ್ತಾರೆ. ಮುದ್ರಾಂಕ ಶುಲ್ಕ ಶೇಕಡಾ 6ರಂತೆ 4,80,000 ರೂಪಾಯಿಯೂ ನೋಂದಣಿಗೆ 30,000 ರೂಪಾಯಿಯೂ ಸೇರಿದರೆ ಹೂಡಿದ ಹಣ 85 ಲಕ್ಷವನ್ನು ಮೀರುತ್ತದೆ. ವರ್ಷದಲ್ಲಿ ಒಂದು ತಿಂಗಳು ಮಳಿಗೆ ಖಾಲಿ ಉಳಿದು, ಮನೆಪಟ್ಟಿ, ವಿಮೆ, ದುರಸ್ತಿಗಳಿಗೆ 60,000 ಹೋದರೆ ಕೈಗೆ ಉಳಿಯುವುದು 3,80,000. ಅಂದರೆ ಶೇಕಡಾ ನಾಲ್ಕೂವರೆಗಿಂತ ತುಸು ಕಡಿಮೆ. ಆದಾಯ ತೆರಿಗೆ ಇನ್ನೂ ಬಾಕಿ. ಕೂಡಿಟ್ಟ ಹಣವಿದ್ದವರಿಗೆ, ಜಾಗದ ಬೆಲೆ ಮುಂದೆ ಏರೀತೆಂಬ ನಂಬಿಕೆಯಿದ್ದವರಿಗೆ, ಇದು ಒಪ್ಪುವ ಮಾತಾಗಬಹುದು. ಶೇಕಡಾ 10ರ ಬಡ್ಡಿಗೆ ಸಾಲ ಎತ್ತಿದವರಿಗೆ ಮಾತ್ರ ಬಾಡಿಗೆಯು ಬಡ್ಡಿಯ ಅರ್ಧಕ್ಕೂ ಸಾಲದು. ಉಳಿದರ್ಧವನ್ನು ಕಬ್ಬಿನ ಬಿಲ್ಲಿನಿಂದ ತುಂಬಬೇಕು.

ಕರಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂಬತ್ತು ವರ್ಷದ ಕರಾರು ಎಂದು ಸಂತೋಷಪಡುವವರು ‘ಲಾಕ್-ಇನ್’ ಎಂಬ ಕಲಮನ್ನು ಓದಬೇಕು. ಬಹುಮಟ್ಟಿಗೆ ಮಾಲೀಕನು ಒಂಬತ್ತು ವರ್ಷ ಕಟ್ಟುಬಿದ್ದಿರುತ್ತಾನೆ; ಬಾಡಿಗೆದಾರ ಕಂಪನಿಯು ಕಟ್ಟುಬಿದ್ದಿರುವುದು ಮೊದಲ ಮೂರು ವರ್ಷಕ್ಕೆ ಮಾತ್ರ. ಆಮೇಲೆ ಎರಡು-ಮೂರು ತಿಂಗಳ ನೋಟೀಸು ಕೊಟ್ಟು ಅದು ಹೊರಡಬಹುದು. ಅದರ ಅಳತೆಗೆ ಕಟ್ಟಿದ ಕಟ್ಟಡಕ್ಕೆ ಮತ್ತೊಬ್ಬರು ಸುಲಭವಾಗಿ ಸಿಗುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನಂತೆ ಬಾಡಿಗೆಯ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲೀಕನದು. ನೋಂದಣಿ ಇಲ್ಲದಿದ್ದರೆ, ಬೇರೆ ರುಜುವಾತು ದೊರೆಯುವ ತನಕ ಷರತ್ತುಗಳ ವಿಷಯದಲ್ಲಿ ಬಾಡಿಗೆದಾರನು ಹೇಳಿದ್ದೇ ಮಾತು. ಒಂದು ಕೋಟಿ ರೂಪಾಯಿ ಅಥವಾ ಹೆಚ್ಚಿನ ಪಾವತಿ ಬಂಡವಾಳವುಳ್ಳ ಕಂಪನಿಗಳಿಗೂ ಬ್ಯಾಂಕುಗಳಿಗೂ ಈ ಕಾಯ್ದೆಯ ರಕ್ಷಣೆ ಅನ್ವಯಿಸುವುದಿಲ್ಲ. ಅವರೊಡನೆ ನಿಲ್ಲುವುದು ಕರಾರಿನ ಅಕ್ಷರ ಮಾತ್ರ. ವಾಣಿಜ್ಯ ಬಾಡಿಗೆಯ ಮೇಲಿನ ಶೇಕಡಾ 18ರ ಜಿಎಸ್‌ಟಿಯನ್ನು ಯಾರು ತುಂಬಬೇಕೆಂಬುದೂ ಅದರಲ್ಲಿಯೇ ಸ್ಪಷ್ಟವಾಗಬೇಕು.

ಶಿರೋಳಿಯಿಂದ ಸಾಂಗ್ಲಿಯ ದಾರಿ ಹಿಡಿದು ಹಾತಕಣಂಗಲೆಯಲ್ಲಿ ದಕ್ಷಿಣಕ್ಕೆ ತಿರುಗಿದರೆ ಇಚಲಕರಂಜಿ. ಪುಣೆ–ಬೆಂಗಳೂರು ಹೆದ್ದಾರಿ ಈ ಊರನ್ನು ಮುಟ್ಟುವುದಿಲ್ಲ. ರೈಲು ಹತ್ತುವವರು ಹಾತಕಣಂಗಲೆಗೆ ಹೋಗಬೇಕು. ಆದರೂ ಇದು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಪ್ರೋತ್ಸಾಹದ ಕಾಲದಲ್ಲಿ, 1904ರಲ್ಲಿ, ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಅಲ್ಲಿಂದ ಬೆಳೆದ ಊರು 2022ರಲ್ಲಿ ಮಹಾನಗರಪಾಲಿಕೆಯಾಯಿತು. ಇಲ್ಲಿಯ ಓಣಿಗಳಲ್ಲಿ ಮಗ್ಗದ ಸದ್ದಿನ ನಡುವೆ ಮರಾಠಿಯೊಡನೆ ಕನ್ನಡವೂ ಕೇಳಿಬರುತ್ತದೆ.

ಇಲ್ಲಿ ಬಾಡಿಗೆಯು ಹಾದುಹೋಗುವವರಿಂದ ಬರುವುದಿಲ್ಲ, ಊರಿನಲ್ಲಿಯೇ ದುಡಿಯುವವರಿಂದ ಬರುತ್ತದೆ. ವ್ಯಾಪಾರಿಯ ನೂಲನ್ನು ಪಡೆದು ಕೂಲಿಗೆ ನೇಯ್ದುಕೊಡುವ ‘ಖರ್ಚಿವಾಲಾ’ ಮಗ್ಗದ ಶೆಡ್ಡಿಗೆ ಬಾಡಿಗೆ ಕೊಡುತ್ತಾನೆ. ಅವನ ಕೂಲಿಯ ಹಣ ಪಗಾರದ ದಿನ ಕಿರಾಣಿ ಅಂಗಡಿಗೆ, ಬಟ್ಟೆಯಂಗಡಿಗೆ, ಚಹದಂಗಡಿಗೆ ಹರಿಯುತ್ತದೆ. ನೂಲಿನ ದರ ಏರಿ, ಬಟ್ಟೆಯ ದರ ಇಳಿದು, ಮಗ್ಗ ನಿಂತಿತೆಂದರೆ ಶೆಡ್ಡಿನ ಬಾಡಿಗೆ ಮೊದಲು ತಡವಾಗುತ್ತದೆ, ಅಂಗಡಿಯ ಬಾಡಿಗೆ ಬಳಿಕ. ಮಾಲೀಕನಿಗೂ ನೇಕಾರನಿಗೂ ಒಂದೇ ಕಾಲದಲ್ಲಿ ಕಷ್ಟ ಬರುವುದು ಇಂಥ ಊರಿನ ಗುಣ. ಹೆದ್ದಾರಿಯ ಬದಿಯವರಿಗೆ ಬಾಡಿಗೆದಾರನ ಮುಖ್ಯ ಕಚೇರಿ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ಇಲ್ಲಿ ಬಾಡಿಗೆದಾರನ ಮಗ್ಗ ನಡೆಯುತ್ತಿದೆಯೋ ಇಲ್ಲವೋ ಎಂಬುದು ಓಣಿಯಲ್ಲಿ ನಿಂತರೆ ಕಿವಿಗೇ ತಿಳಿಯುತ್ತದೆ.

ಗಡಹಿಂಗ್ಲಜದ ದಾರಿ ಬೇರೆ. ಕೊಲ್ಹಾಪುರದಿಂದ ಹೆದ್ದಾರಿಯಲ್ಲಿಯೇ ಹೋಗಿ, ಗಡಿ ದಾಟಿ, ನಿಪ್ಪಾಣಿಯ ಮುಂದೆ ಸಂಕೇಶ್ವರದಲ್ಲಿ ಪಶ್ಚಿಮಕ್ಕೆ ತಿರುಗಿದರೆ ಪ್ರಯಾಣಿಕನು ಮತ್ತೆ ಮಹಾರಾಷ್ಟ್ರವನ್ನು ಹೊಗುತ್ತಾನೆ. ಒಂದೇ ಪ್ರಯಾಣದಲ್ಲಿ ಎರಡು ರಾಜ್ಯಗಳ ಭೂಕಾಯ್ದೆ, ಎರಡು ಬಗೆಯ ಮುದ್ರಾಂಕ ಶುಲ್ಕ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರೆ, ಆಂಬೋಲಿಯ ಮೂಲಕ ಬಾಂದೆಗೆ, ಅಂದರೆ ಗೋವೆಯ ಬಾಗಿಲಿಗೆ, ಇಳಿಯುವ ಈ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 548ಎಚ್. ಹಿರಣ್ಯಕೇಶಿಯ ದಂಡೆಯ ಈ ಪೇಟೆಗೆ ಬೆಲ್ಲವೂ ಸಂಕೇಶ್ವರಿ ಮೆಣಸಿನಕಾಯಿಯೂ ಬರುತ್ತವೆ. ಹೆಬ್ಬಾಳ, ನೂಲ, ಹಲಕರ್ಣಿಯಂಥ ಊರುಗಳ ಕನ್ನಡದ ಜನ ಇಲ್ಲಿಗೇ ಸಂತೆಗೆ ಬರುತ್ತಾರೆ.

ರಸ್ತೆ ಅಗಲವಾದಂತೆ ಹೊಲದ ಬದು ಮುಂಭಾಗವಾಗುತ್ತದೆ. ಎಕರೆಯಲ್ಲಿ ಮಾತಾಡುತ್ತಿದ್ದ ಭೂಮಿಯನ್ನು ಗುಂಟೆಯಲ್ಲಿ, ಗುಂಟೆಯದನ್ನು ಚದರ ಅಡಿಯಲ್ಲಿ ಮಾತಾಡುತ್ತಾರೆ. ಇಲ್ಲಿಯ ಅಪಾಯ ಇರುವುದು ಕಾಗದದಲ್ಲಿ. ಸಾತ್‌ಬಾರಾ ಉತಾರದಲ್ಲಿ ಭೂಮಿ ಇನ್ನೂ ಬೇಸಾಯದ್ದೇ ಇದ್ದು, ಎನ್‌ಎ ಆಗದೆಯೇ ಮಳಿಗೆ ಎದ್ದಿರಬಹುದು. ಇತರ ಹಕ್ಕಿನ ಅಂಕಣದಲ್ಲಿ ಸೊಸೈಟಿಯ ಬೋಜಾ ಉಳಿದಿರಬಹುದು. ಅಜ್ಜನ ಹೆಸರಿನ ಸಾಮಾಯಿಕ ಜಮೀನಿನಲ್ಲಿ ಮದುವೆಯಾಗಿ ಹೋದ ಅತ್ತೆಯಂದಿರ ಪಾಲು ಇರುತ್ತದೆ. ಅವರ ಸಹಿ ಇಲ್ಲದ ಖರೇದಿ ಹತ್ತು ವರ್ಷದ ಬಳಿಕ ನ್ಯಾಯಾಲಯದಲ್ಲಿ ಏಳುತ್ತದೆ. ರಸ್ತೆ ಮತ್ತೊಮ್ಮೆ ಅಗಲವಾಗುವುದಿದ್ದರೆ ಭೂಸ್ವಾಧೀನದ ಪ್ರಕಟಣೆಯಲ್ಲಿ ಗಟ ನಂಬರು ಬಂದಿರುತ್ತದೆ. 2024ರಲ್ಲಿ ನಾಗಪುರ–ಗೋವಾ ಶಕ್ತಿಪೀಠ ಮಹಾಮಾರ್ಗದ ವಿರುದ್ಧ ಇದೇ ಜಿಲ್ಲೆಯ ರೈತರು ಬೀದಿಗಿಳಿದದ್ದನ್ನು ಎಲ್ಲರೂ ಕಂಡಿದ್ದಾರೆ. ಒಬ್ಬರ ಹೊಲಕ್ಕೆ ಬೆಲೆ ತರುವ ದಾರಿಯೇ ಇನ್ನೊಬ್ಬರ ಹೊಲವನ್ನು ಒಯ್ಯುತ್ತದೆ.

ಈ ಕಾಗದಗಳೆಲ್ಲ ಮರಾಠಿಯಲ್ಲಿವೆ. ಕಂಪನಿಯ ಕರಾರು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ ಅಜ್ಜನು ‘ವಾಚಿಸಿ ತಿಳಿದುಕೊಂಡಿದ್ದೇನೆ’ ಎಂಬ ಸಾಲಿನ ಕೆಳಗೆ ಹೆಬ್ಬೆಟ್ಟಿಗೆ ಬದಲಾಗಿ ಕನ್ನಡದಲ್ಲಿ ಸಹಿ ಮಾಡುತ್ತಾನೆ. ಮೇಲಿನ ಪುಟಗಳನ್ನು ಮಧ್ಯಸ್ಥನ ಮಾತಿನ ಮೇಲೆ ನಂಬುತ್ತಾನೆ. ಅದೇ ಮನೆಯಲ್ಲಿ ಒಂಬತ್ತನೆಯ ಇಯತ್ತೆಯ ಮೊಮ್ಮಗಳು ಕನ್ನಡ ಮಾಧ್ಯಮದಲ್ಲಿ ಓದುತ್ತ ಮರಾಠಿಯನ್ನೂ ಇಂಗ್ಲಿಷನ್ನೂ ಕಲಿತಿರುತ್ತಾಳೆ. ಮೂರು ಭಾಷೆಯ ಭಾರವೆಂದು ಪಾಲಕರು ಮರುಗುವ ಆ ಕಲಿಕೆಯಿಂದ ಮನೆಯ ದುಡಿಮೆಯನ್ನು ಕಾಯಬಹುದು. ಸಹಿಯ ಹಿಂದಿನ ರಾತ್ರಿ ಉತಾರವನ್ನೂ ಕರಾರನ್ನೂ ಅವಳ ಕೈಗೆ ಕೊಟ್ಟು, ಒಂದೊಂದು ಕಲಮನ್ನು ಓದಿಸಿ, ಕನ್ನಡದಲ್ಲಿ ಹೇಳಿಸಿಕೊಳ್ಳಬೇಕು. ಅವಳಿಗೆ ತಿಳಿಯದ ಸಾಲಿನ ಕೆಳಗೆ ಗೆರೆ ಎಳೆದು, ಬೆಳಿಗ್ಗೆ ಮಧ್ಯಸ್ಥನಿಗಿಂತ ಮೊದಲು ವಕೀಲರ ಬಳಿಗೆ ಆ ಗೆರೆಯನ್ನು ಒಯ್ಯಬೇಕು. ಹಾಗೆ ಓದಿಸಿದ ಮೇಲೆ ವ್ಯವಹಾರವನ್ನು ಕೈಬಿಡಬೇಕಾದರೂ ಮನೆಗೆ ನಷ್ಟವಿಲ್ಲ. ಹೆದ್ದಾರಿಯ ಬದಿಯಲ್ಲಿ ಬೇರೆ ಷಟರುಗಳ ಮೇಲೆ ಅದೇ ಬರಹ ಇದ್ದೇ ಇರುತ್ತದೆ.