ಕುರಿಂಜಿಯೂ ಮಾಂಟಾ ತೊರಕೆಯೂ

ಬೆಟ್ಟದ ಹೂವಿಗೂ ಕಡಲ ಮೀನಿಗೂ ಏನು ಸಂಬಂಧವೆಂದು ವಾಚಕ ಮಹಾಶಯರು ನಗಬಹುದು. ನಾನು ಮಾಡಿದ ಒಂದು ತಪ್ಪಿನಿಂದಾಗಿ ಅವೆರಡೂ ನನ್ನ ಮನಸ್ಸಿನಲ್ಲಿ ಜೊತೆಗೂಡಿ ನಿಂತಿವೆ.

೨೦೧೮ನೆಯ ಇಸವಿಯಲ್ಲಿ, ಮಳೆಯ ಆರ್ಭಟವು ತಗ್ಗಿದ ಮೇಲೆ, ಕೇರಳದ ಮುನ್ನಾರಿನ ಬೆಟ್ಟಗಳಿಗೆ ಮನೆಮಂದಿಯೊಡನೆ ಹೋಗಿದ್ದೆನು. ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ನೀಲಕುರಿಂಜಿಯು ಅಲ್ಲಿ ಇಳಿಜಾರುಗಳ ಮೇಲೆ ನೀಲಿಯನ್ನು ಹಾಸಿತ್ತು. ಕಾವಲುಗಾರನ ಕಣ್ಣುತಪ್ಪಿಸಿ, ಹೆಂಡತಿಯ ಮುಡಿಗೆಂದು ಒಂದು ಗೊಂಚಲನ್ನು ಮುರಿದೆನು. ಬೆಟ್ಟವೇ ಹೂವಾಗಿರುವಾಗ ಒಂದು ಗೊಂಚಲಿನಿಂದ ಏನಾದೀತೆಂಬುದು ನನ್ನ ಸಮಾಧಾನ. ಆಕೆ ಅದನ್ನು ಮುಡಿಯಲಿಲ್ಲ. “ಇಷ್ಟು ವರ್ಷ ಕಾದುದು ನಿಮ್ಮ ಕೈಗೆ ಸಿಕ್ಕಲೆಂದೇನು?” ಎಂದಷ್ಟೇ ಕೇಳಿದಳು.

ಕುರಿಂಜಿಯ ಗಿಡವು ವರ್ಷಗಟ್ಟಲೆ ಬರಿಯ ಎಲೆಯಲ್ಲಿಯೇ ಕಾಲ ಕಳೆದು, ಬಾಳಿನಲ್ಲಿ ಒಂದೇ ಸಲ ಹೂಬಿಟ್ಟು, ಬೀಜ ಚೆಲ್ಲಿ ಒಣಗಿಹೋಗುವುದು. ಅದಕ್ಕೆ ಮರುವರ್ಷವೆಂಬುದಿಲ್ಲ. ಇದನ್ನು ನಾನು ತಿಳಿದುದು ಆಮೇಲೆ.

ಕೆಲವು ವರ್ಷಗಳ ಅನಂತರ ಪಡುಗಡಲಿನ ಒಂದು ಬಂದರಿನಲ್ಲಿ, ಬಲೆಗೆ ಸಿಕ್ಕಿ ಸತ್ತ ಮಾಂಟಾ ತೊರಕೆಯೊಂದನ್ನು ಕಂಡೆನು. ತೊರಕೆಗಳ ಬಳಗದಲ್ಲಿ ಇದೇ ಅತ್ಯಂತ ದೊಡ್ಡದು. ರೆಕ್ಕೆಯಂತಹ ಈಜುಪಕ್ಕಗಳನ್ನು ಹರಡಿದರೆ ಏಳು ಮೀಟರುಗಳವರೆಗೂ ಅಗಲವಾಗಬಹುದು. ಕೆಲವು ತೊರಕೆಗಳ ಬಾಲದ ವಿಷಮುಳ್ಳಿಗೆ ಕರಾವಳಿಯವರು ಅಂಜುವರು. ಇದಾದರೋ ಕುಟುಕಲಾರದು, ಕಡಲನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿಂದು ಬದುಕುವ ಸಾಧುಪ್ರಾಣಿ. ಆ ಸೋಸುವ ಕಿವಿರಿನ ಫಲಕಗಳಿಗೆ ಚೀನದ ಔಷಧವ್ಯಾಪಾರದಲ್ಲಿ ಬೆಲೆಯುಂಟಾದುದೇ ಇದಕ್ಕೆ ಮುಳುವಾಯಿತು. ೨೦೧೩ರಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ರಾಷ್ಟ್ರಗಳು ಆ ವ್ಯಾಪಾರಕ್ಕೆ ಕಟ್ಟುಪಾಡು ಹಾಕಿದವು.

ಕೊಯ್ದಾಗ ಅದರ ಬಸಿರಿನಲ್ಲಿ ಒಂದು ಮರಿಯಿತ್ತು. ಸಾವಿರಗಟ್ಟಲೆ ಮೊಟ್ಟೆಯಿಡುವ ಬೂತಾಯಿ ಬಂಗುಡೆಗಳಂತಲ್ಲ ಇದು. ಸುಮಾರು ಒಂದು ವರ್ಷ ಹೊತ್ತು, ಸಾಮಾನ್ಯವಾಗಿ ಒಂದೇ ಮರಿಯನ್ನು ಹೆರುವುದು. ಮತ್ತೊಂದಕ್ಕೆ ಹಲವು ವರ್ಷಗಳೇ ಬೇಕಾಗಬಹುದು. ನೋಡುತ್ತ ನಿಂತಿದ್ದ ನನಗೆ ಆ ಗೊಂಚಲಿನ ನೆನಪಾಯಿತು.

ಗಿಡವು ತನ್ನ ಸರ್ವಸ್ವವನ್ನೂ ಒಮ್ಮೆಗೇ ಸುರಿದು ಸಾಯುವುದು. ಮೀನು ಒಂದೊಂದನ್ನೇ ಹೆತ್ತು ಬಹುಕಾಲ ಬಾಳುವುದು. ಒಂದರದು ಸಂತರ್ಪಣೆ, ಇನ್ನೊಂದರದು ಮಿತಸಂಸಾರ. ಹಾದಿಗಳು ಬೇರೆಯಾದರೂ ಎರಡಕ್ಕೂ ಬೇಕಾದುದು ಕಾಲವೊಂದೇ. ನಮ್ಮಲ್ಲಿಲ್ಲದುದೂ ಅದೇ. ಅವು ವರ್ಷಗಳಲ್ಲಿ ಕೂಡಿಟ್ಟುದನ್ನು ನಾವು ಕ್ಷಣದಲ್ಲಿ ಎತ್ತಿಕೊಳ್ಳುವೆವು. ಎತ್ತಿಕೊಂಡುದು ಒಂದೇ ಎಂದು ಸಮಾಧಾನವನ್ನೂ ಹೇಳಿಕೊಳ್ಳುವೆವು.

ಆ ಒಣಗಿದ ಗೊಂಚಲು ಇಂದಿಗೂ ನನ್ನ ಪುಸ್ತಕವೊಂದರ ನಡುವೆ ಇದೆ. ೨೦೩೦ರಲ್ಲಿ ಮುನ್ನಾರಿನ ಬೆಟ್ಟವು ಮತ್ತೆ ಅರಳಬೇಕು. ದೇವರಿಟ್ಟರೆ ಹೆಂಡತಿಯೊಡನೆ ಹೋಗಿ, ಈ ಸಲ ಕೈಕಟ್ಟಿ ನಿಂತು ನೋಡಿಬರಬೇಕೆಂದಿರುವೆನು.